ಏಪ್ರಿಲ್ ಮೂರರ ಸ್ವೆಟರ್

ಮೂವತ್ನಾಲ್ಕು ವರ್ಷ ಅಂಚೆ ವಿಂಗಡಣೆಯ ಕೋಣೆಯಲ್ಲಿ ನಿಂತು ನಿವೃತ್ತರಾದ ಮಾವನವರಿಗೆ ಮನೆಯಲ್ಲಿ ಸುಮ್ಮನೆ ಕೂರುವ ವಿದ್ಯೆ ಮಾತ್ರ ಒಲಿಯಲಿಲ್ಲ. ಮೂರೇ ತಿಂಗಳಲ್ಲಿ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿ, ಮಾತ್ರೆಗಳನ್ನು ಅವಧಿ ಮುಗಿಯುವ ತಿಂಗಳಿನ ಪ್ರಕಾರ ಬೇರ್ಪಡಿಸಿ, ಕೊನೆಗೆ ಅತ್ತೆಯವರ ಮಸಾಲೆ ಡಬ್ಬಗಳಿಗೆ ಕೈ ಹಾಕಿದರು.

"ರೀ, ಕೈ ತುರಿಸಿದ್ರೆ ಹೋಗಿ ಮೆಟ್ಟಿಲು ಗುಡಿಸಿ. ನನ್ನ ಡಬ್ಬದ ತಂಟೆಗೆ ಬರಬೇಡಿ" ಎಂದರು ಅತ್ತೆ.

ಮಾವನವರನ್ನು ಈ ಅವಮಾನದಿಂದ ಪಾರು ಮಾಡಿದವಳು ಸೊಸೆ. ಮಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಮನೆಯ ವ್ಯಾಪಾರಕ್ಕೆ ತಲೆ ಹಾಕುವವನಲ್ಲ. ಸೊಸೆ ಮಕ್ಕಳ ಸ್ವೆಟರ್‌ಗಳನ್ನು ಹೆಣೆಸಿ, ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆದು ಮಾರುತ್ತಿದ್ದಳು. ದಿನಕ್ಕೆ ಎರಡು ಮೂರು ಆರ್ಡರ್ ಬರುವಾಗ ಅವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಸಾಕಿತ್ತು. ಆ ವರ್ಷ ನವೆಂಬರ್ ಶುರುವಾಗುತ್ತಲೇ ಚಳಿ ಬಿತ್ತು ನೋಡಿ, ಆರ್ಡರ್‌ಗಳು ಇರುವೆ ಸಾಲಿನ ಹಾಗೆ ಬರತೊಡಗಿದವು. ಹೆಣೆಯುವವರನ್ನು ಕಂಡು ಇನ್ನಷ್ಟು ಮಾಲು ತರಲು ಸೊಸೆ ಐದು ದಿನ ಪರ ಊರಿಗೆ ಹೊರಟಳು.

"ಮಾವ, ಕೆಲಸ ಇಷ್ಟೇ. ಅಂಗಡಿ ಪುಟ ತೆಗೆದು ಎಕ್ಸ್‌ಪೋರ್ಟ್ ಅನ್ನೋದನ್ನ ಒತ್ತಿ. ಆರ್ಡರ್‌ಗಳೆಲ್ಲ ಒಂದು ಫೈಲ್ ಆಗಿ ಇಳಿಯುತ್ತೆ. ಅದರ ಮೇಲೆ ಎರಡು ಸಲ ಒತ್ತಿದ್ರೆ ಎಕ್ಸೆಲ್‌ನಲ್ಲಿ ಪಟ್ಟಿ ತೆರೆದುಕೊಳ್ಳುತ್ತೆ. ಹೆಸರು, ವಿಳಾಸ, ಫೋನು, ಮಾಲಿನ ಕೋಡ್ ನೋಡಿ. ಬಣ್ಣ, ಅಳತೆ ಎಲ್ಲ ಆ ಕೋಡ್‌ನಲ್ಲೇ ಬಂತು. ಅದೇ ಕೋಡ್ ಇರೋ ಪೆಟ್ಟಿಗೆಯಿಂದ ಸ್ವೆಟರ್ ತೆಗೆದು ಪ್ಯಾಕ್ ಮಾಡಿ ಕಳಿಸಿ. ಮಿಕ್ಕಿದ್ದು ನೋಡಬೇಡಿ."

"ಹೋಗಿ ಬಾರಮ್ಮ. ಡಾಕ್ಟರು ಗೀಚಿದ ವಿಳಾಸ ಓದಿದ ಕಣ್ಣು ಇದು. ಅಚ್ಚಾದದ್ದು ಯಾವ ಲೆಕ್ಕ!"

ಆದರೆ ಮಿಕ್ಕಿದ್ದನ್ನು ನೋಡದೆ ಇರುವುದು ವಿಂಗಡಣೆಯವರ ಜಾಯಮಾನದಲ್ಲೇ ಇಲ್ಲ. ಕೋಡ್‌ನ ಪಕ್ಕದಲ್ಲಿ 'ವೇರಿಯಂಟ್' ಎಂಬ ತಲೆಬರಹದ ಕೆಳಗೆ ಸಾಲಾಗಿ ತಾರೀಖುಗಳಿದ್ದವು. ಒಬ್ಬರಿಗೆ ಫೆಬ್ರವರಿ ಒಂದು, ಇನ್ನೊಬ್ಬರಿಗೆ ಏಪ್ರಿಲ್ ಮೂರು, ಮತ್ತೊಬ್ಬರಿಗೆ ಜೂನ್ ಐದು. ಮಾವನವರು ಕನ್ನಡಕ ಒರೆಸಿ ಮತ್ತೆ ನೋಡಿದರು. ತಟ್ಟನೆ ಹೊಳೆಯಿತು. ಇದು ಮಾಲು ತಲುಪಬೇಕಾದ ದಿನ! ಮಕ್ಕಳ ಹುಟ್ಟಿದ ದಿನಕ್ಕೆ ಉಡುಗೊರೆ!

"ನೋಡೇ, ಜನ ಎಷ್ಟು ಮುಂದಾಲೋಚನೆ ಮಾಡ್ತಾರೆ! ಸೊಸೆಗೆ ಇದನ್ನ ಹೇಳೋಕೇ ಮರೆತುಹೋಗಿದೆ."

"ಫೋನ್ ಮಾಡಿ ಕೇಳಿಬಿಡಿ" ಎಂದರು ಅತ್ತೆ.

"ಇಷ್ಟಕ್ಕೆಲ್ಲ ಕೇಳಿದ್ರೆ ನನ್ನ ಸರ್ವೀಸಿಗೆ ಏನು ಮರ್ಯಾದೆ?"

ಸರಿ, ಎಲ್ಲವನ್ನೂ ಅಚ್ಚುಕಟ್ಟಾಗಿ ಪ್ಯಾಕ್ ಮಾಡಿ, ವಿಳಾಸ ಅಂಟಿಸಿ, ಹಾಲ್‌ನಲ್ಲಿ ಹನ್ನೆರಡು ರಟ್ಟಿನ ಡಬ್ಬ ಸಾಲಾಗಿಟ್ಟು, ಒಂದೊಂದರ ಮೇಲೂ ಒಂದೊಂದು ತಿಂಗಳ ಹೆಸರು ಬರೆದರು. ಅಕ್ಟೋಬರ್ ಒಂಬತ್ತು ಎಂದಿದ್ದವರ ದಿನ ಆಗಲೇ ಕಳೆದಿತ್ತು. ಮುಂದಿನ ವರ್ಷಕ್ಕೆ ಈಗಲೇ ಸ್ವೆಟರ್ ಕೊಂಡ ಆ ತಾಯಂದಿರ ಬಗ್ಗೆ ಅವರಿಗೆ ವಿಶೇಷ ಗೌರವ ಮೂಡಿತು. ಎರಡು ಆರ್ಡರ್‌ಗಳಲ್ಲಿ ಮಾತ್ರ ತಿಂಗಳಿಲ್ಲದೆ ಬರೀ '13-14' ಎಂದಿತ್ತು. ಅವತ್ತು ಒಂಬತ್ತನೇ ತಾರೀಖು. ಹದಿಮೂರು ಹದಿನಾಲ್ಕರೊಳಗೆ ಬೇಕೇನೋ ಎಂದು ಆ ಎರಡನ್ನು ಓಡೋಡಿ ಹೋಗಿ ಅಂಚೆಗೆ ಹಾಕಿ ಬಂದರು.

ಮೂರನೆಯ ದಿನ ಹಾಲ್ ಗುಡಿಸಲು ಬಂದ ಅತ್ತೆ, ಪೊರಕೆ ಊರಿ ನಿಂತರು.

"ಅಲ್ಲಾ ರೀ, ಜನವರಿ ಡಬ್ಬ ಖಾಲಿ. ಮಾರ್ಚ್ ಖಾಲಿ, ಮೇ ಖಾಲಿ. ಈ ಜನಕ್ಕೆ ಸರಿಸಂಖ್ಯೆ ತಿಂಗಳಲ್ಲೇ ಹೆರಿಗೆ ಆಗುತ್ತಾ?"

"ಕಾಕತಾಳೀಯ" ಎಂದರು ಮಾವ. ಆದರೆ ಬರೀ ತಿಂಗಳಲ್ಲ, ಏಪ್ರಿಲ್ ಡಬ್ಬದ ಹದಿನೇಳು ಮಕ್ಕಳೂ ಮೂರನೇ ತಾರೀಖೇ ಹುಟ್ಟಿದ್ದು ಅವರ ಕಣ್ಣಿಗೂ ಬಿದ್ದಿತ್ತು. ಬಿದ್ದದ್ದನ್ನು ಅವರೇ ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದರು.

ಅದೇ ಹೊತ್ತಿಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಒಬ್ಬ ಹೆಂಗಸು, ನೀಲಿ ಸ್ವೆಟರ್ ಎಲ್ಲಿಗೆ ಬಂತು ಎಂದು ಕೇಳಿದಳು. ಮಾವ ಪಟ್ಟಿ ನೋಡಿ, ಬೀಗುತ್ತಾ ಹೇಳಿದರು: "ಏನೂ ಯೋಚನೆ ಮಾಡಬೇಡಿ ತಾಯಿ. ಏಪ್ರಿಲ್ ಮೂರಕ್ಕೆ ಸರಿಯಾಗಿ ನಿಮ್ಮ ಬಾಗಿಲಲ್ಲಿರುತ್ತೆ."

"ಏಪ್ರಿಲ್ಲಾ? ಸ್ವಾಮಿ, ನನ್ನ ಮಗ ಈಗ ನಡುಗ್ತಿದಾನೆ!"

"ಹುಟ್ಟಿದ ದಿನ ಅಂತ ನೀವೇ..."

"ಯಾರ ಹುಟ್ಟಿದ ದಿನ? ನಾನು ಕೇಳಿದ್ದು ಮೂರು-ನಾಲ್ಕು ವರ್ಷದ ಮಕ್ಕಳ ಅಳತೆ!"

ಫೋನಿನ ದನಿ ಅತ್ತೆಗೂ ಕೇಳುತ್ತಿತ್ತು. ಅವರು ಬೆರಳು ಮಡಚಿ ಎಣಿಸಿದರು. "ಮೂರು, ನಾಲ್ಕು. ನಾಲ್ಕನೇ ತಿಂಗಳು ಏಪ್ರಿಲ್. ಒಂದು-ಎರಡು ಅಂದ್ರೆ ಫೆಬ್ರವರಿ ಒಂದು! ರೀ, ನಿಮ್ಮ ಎಕ್ಸೆಲ್ಲು ಮಕ್ಕಳ ವಯಸ್ಸನ್ನೆಲ್ಲ ತಾರೀಖು ಮಾಡಿಬಿಟ್ಟಿದೆ!" ಎಂದವರೇ ಪೊರಕೆ ಹಿಡಿದು ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹದಿನಾಲ್ಕನೇ ತಿಂಗಳು ಲೋಕದಲ್ಲಿಲ್ಲದ ಕಾರಣಕ್ಕೆ '13-14' ಬಚಾವಾಗಿತ್ತು, ಅಷ್ಟೇ.

ಮಾವನವರು ನಗಲಿಲ್ಲ. ಕೈಗೆ ಬಂದ ಟಪಾಲು ಒಂದು ದಿನವೂ ಕೊಳೆಯಲು ಬಿಡದ ಮನುಷ್ಯ, ಚಳಿಯಲ್ಲಿ ಅರವತ್ತೊಂದು ಮಕ್ಕಳ ಸ್ವೆಟರ್ ತಡೆದಿಟ್ಟಿದ್ದರು. "ತಪ್ಪು ನನ್ನದು ತಾಯಿ. ಈ ಮಧ್ಯಾಹ್ನವೇ ಹೊರಡುತ್ತೆ" ಎಂದು ಫೋನಿಟ್ಟು ಎದ್ದರು. ಅತ್ತೆ ನಗು ನಿಲ್ಲಿಸಿ ಪಕ್ಕದ ಮನೆಯಿಂದ ತಳ್ಳುಗಾಡಿ ತಂದರು. ಇಬ್ಬರೂ ಅದನ್ನು ತಳ್ಳಿಕೊಂಡು ಅಂಚೆ ಕಚೇರಿ ಸೇರಿದಾಗ ಮುಚ್ಚಲು ಹತ್ತೇ ನಿಮಿಷವಿತ್ತು. ಕೌಂಟರಿನಲ್ಲಿದ್ದವಳು ಒಂದು ಕಾಲದಲ್ಲಿ ಅವರ ಕೈಕೆಳಗೆ ಕೆಲಸ ಕಲಿತವಳು. "ಏನ್ ಸಾರ್, ನೀವೇ ಕೊನೇ ಗಳಿಗೆಗೆ ಬರೋದಾ?" ಎಂದಳು. ಮಾವ ಪಾರ್ಸೆಲ್‌ಗಳನ್ನು ಒಂದೊಂದಾಗಿ ಎತ್ತಿಕೊಟ್ಟರು.

ಸಂಜೆ ಅವರೇ ಸೊಸೆಗೆ ಫೋನ್ ಮಾಡಿ, ಒಂದು ಡಬ್ಬವನ್ನೂ ಬಿಡದೆ ಎಲ್ಲ ಹೇಳಿದರು. ಬೈಯುತ್ತಾಳೆ ಎಂದುಕೊಂಡರು. ಆಮೇಲೆ ತಿಳಿಯಿತು, ಅವಳು ನಗು ತಡೆಯಲು ಬಾಯಿಗೆ ದುಪಟ್ಟಾ ಒತ್ತಿ ಹಿಡಿದಿದ್ದಳು.

"ತಪ್ಪು ನಂದೇ ಮಾವ. ಅದು ಹಾಗೆ ಮಾಡುತ್ತೆ ಅಂತ ಗೊತ್ತಿತ್ತು, ಹೇಳಲಿಲ್ಲ. ಫೈಲನ್ನ ನೇರ ತೆರೀಬಾರದು. ಖಾಲಿ ಹಾಳೆ ತೆಗೆದು ಅದರೊಳಗೆ ತರಿಸ್ಕೊಂಡು, ಆ ವೇರಿಯಂಟ್ ಸಾಲು ಬರೀ ಅಕ್ಷರ, ತಾರೀಖಲ್ಲ ಅಂತ ಮೊದಲೇ ಹೇಳಬೇಕು."

"ಅದಕ್ಕೆ ಹೇಳೋದಕ್ಕಿಂತ ಅಂಗಡೀಲೇ '3ರಿಂದ 4 ವರ್ಷ' ಅಂತ ಬಿಡಿಸಿ ಬರೆದ್ರೆ? ಆಗಲೂ ತಾರೀಖು ಮಾಡುತ್ತಾ, ಅದರ ಕೊಬ್ಬು ನೋಡೇಬಿಡೋಣ."

ಸೊಸೆಗೆ ಇದು ಹೊಳೆದೇ ಇರಲಿಲ್ಲ. ಮಾವನವರು ಎರಡು ದಿನ ಕೂತು ಎಂಬತ್ನಾಲ್ಕು ಸ್ವೆಟರ್‌ಗಳ ಅಳತೆಯನ್ನು ಒಂದು ಬೆರಳಿನಲ್ಲೇ ತಿದ್ದಿದರು. ಮಧ್ಯೆ ಮಧ್ಯೆ ಅತ್ತೆ ಬಾಗಿಲಲ್ಲಿ ಇಣುಕಿ, "ಇವತ್ತು ಯಾವ ತಾರೀಖು ರೀ?" ಎಂದು ಕೇಳುತ್ತಿದ್ದರು. ಅವರು ತಲೆ ಎತ್ತದೆ, "ನಿನ್ನ ಅಳತೆ ನೋಡಿ ಹೇಳ್ತೀನಿ, ನಿಲ್ಲು" ಎನ್ನುತ್ತಿದ್ದರು.