ವಿಡಿಮಿಂಟ್‌ನವರ ಪರವಾಗಿ

ಕೊಳ್ಳೇಗಾಲದಲ್ಲಿ ಸಮಾರಂಭ ಯಾವುದೇ ಇರಲಿ, ಜನ ಎದ್ದು ಚಪ್ಪಲಿ ಹುಡುಕಲು ಶುರುಮಾಡಿದ ಹೊತ್ತಿಗೆ ಮೈಕಿನ ಮುಂದೆ ಬಂದು ನಿಲ್ಲುವವನು ರಂಗರಾಜು. ರೇಷ್ಮೆ ನೇಕಾರರ ಸಂಘವೊಂದರ ಮಗ್ಗದ ಮನೆಯಲ್ಲಿ ಮೇಸ್ತ್ರಿಯಾಗಿರುವುದು ಅವನ ಹೊಟ್ಟೆಪಾಡು. ವಂದನಾರ್ಪಣೆ ಅವನ ಹುಚ್ಚು. ಮುಳ್ಳೂರಿನಲ್ಲಿ ಡೈರಿ ಕಟ್ಟಡ ತೆರೆದರೂ, ರಾಮಾಪುರದಲ್ಲಿ ಬಸ್ಸಿಗೆ ಕಾಯುವವರಿಗೆ ನೆರಳು ಕಟ್ಟಿಸಿದರೂ, ಯಳಂದೂರಿನಲ್ಲಿ ಯಾರೋ ಮೇಷ್ಟ್ರು ನಿವೃತ್ತರಾದರೂ ಅವನಿಗೆ ಫೋನು ಬರುತ್ತದೆ. ಬಾರದೆ ಏನು? ಅವನಷ್ಟು ಉದ್ದಕ್ಕೆ ಧನ್ಯವಾದ ಹೇಳುವ ಗಂಡಸು ಹನೂರಿನಿಂದಾಚೆಗೂ ಸಿಗುವುದಿಲ್ಲ.

ಅವನ ಹೆಚ್ಚುಗಾರಿಕೆ ಎಂದರೆ ಒಬ್ಬರನ್ನೂ ಬಿಡುವುದಿಲ್ಲ. ಅಧ್ಯಕ್ಷರು, ಅತಿಥಿಗಳು ಸರಿಯೇ ಸರಿ. ಅವರಾದ ಮೇಲೆ ಶಾಮಿಯಾನದವರು, ಮೈಕ್ ಸೆಟ್‌ನವರು, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದವರು, ಕರೆಂಟು ತೆಗೆಯದೆ ಉಪಕಾರ ಮಾಡಿದ ಲೈನ್‌ಮನ್ನು. ಒಮ್ಮೆ ಧನಗೆರೆಯಲ್ಲಿ ಭಾಷಣದ ನಡುವೆ ಸುರಿಯದೆ ತಡೆದುಕೊಂಡ ಮೋಡಕ್ಕೂ ವಂದನೆ ಹೇಳಿದ್ದ. ಇಷ್ಟೆಲ್ಲ ಹೇಳಿ ಅವನು ಕೈಮುಗಿದ ಕೂಡಲೇ ಮೈಕು ಆರಿಸುತ್ತಾರೆ. ವಂದನೆ ಹೇಳಿದವನಿಗೆ ವಂದನೆ ಹೇಳುವುದು ಯಾರ ಪಟ್ಟಿಯಲ್ಲೂ ಇಲ್ಲ. ಮೊದಮೊದಲು ಅವನು ಇದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ವಯಸ್ಸಾಗುತ್ತಾ ಬಂದಂತೆ ಒಂದು ಆಸೆ ಹುಟ್ಟಿತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ತನ್ನ ಹೆಸರನ್ನು ಮೈಕಿನಲ್ಲಿ ಹೇಳಬಾರದೇ? ಆಸೆ ಚಿಕ್ಕದು. ಆದರೆ ಬಾಯಿಬಿಟ್ಟು ಕೇಳುವಂಥದ್ದಲ್ಲ.

ಹೀಗಿರುವಾಗ ಸಂಘದ ಹೊಸ ಮಗ್ಗದ ಮನೆ ಸಿದ್ಧವಾಯಿತು. ಉದ್ಘಾಟನೆಯ ದಿನ ದೊಡ್ಡ ಟಿ.ವಿ. ಇಟ್ಟು, ನೂಲು ಸೀರೆಯಾಗುವ ಬಗೆಯನ್ನು ಬಂದವರಿಗೆ ತೋರಿಸಬೇಕೆಂದು ಕಾರ್ಯದರ್ಶಿ ಆಶಾರಾಣಿ ಹೇಳಿದಳು. ಯಾರು ಮಾಡುತ್ತಾರೆ ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಲಾಳಿ ನೋಡಿಕೊಂಡರು. ರಂಗರಾಜು ಕೈಯೆತ್ತಿದ.

ಅಂದಿನಿಂದ ಫೋನು ಅವನ ಅಂಗೈಗೆ ಅಂಟಿಕೊಂಡಿತು. ಮಗ್ಗದ ಗುಂಡಿಯೊಳಗೆ ಇಳಿದು ತುಳಿಯುವ ಕಾಲುಗಳ ವಿಡಿಯೋ ತೆಗೆದ, ಬಣ್ಣದ ನೂಲು ಒಣಗುವುದನ್ನು ತೆಗೆದ. ಮಗ್ಗದ ಉದ್ದಕ್ಕೆ ಬಿಗಿದ ಹಳೆಯ ಹಾಸುನೂಲಿನ ಎಳೆಗೆ ಹೊಸ ಹಾಸಿನ ಎಳೆಯನ್ನು, ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸುವ ಹೆಂಗಸರ ಕೈಗಳನ್ನು ಎಷ್ಟು ಹತ್ತಿರದಿಂದ ತೆಗೆದನೆಂದರೆ ಅವರಲ್ಲಿ ಯಶೋದಮ್ಮ ಎಂಬುವಳು ಅವನ ಮೂಗಿಗೇ ಬೂದಿ ಬಳಿದಳು. ಮನೆಯಲ್ಲಿ ಹೆಂಡತಿ ಮಹದೇವಮ್ಮ, "ಅಕ್ಕಿ ತಕಂಡು ಬನ್ನಿ ಅಂದ್ರೆ ಅಕ್ಕಿ ಮೂಟೆ ಫೋಟೋ ತಕಂಡು ಬತ್ತೀರಲ್ಲ, ಅದ್ನೇ ಬೇಯಿಸ್ಲಾ?" ಎಂದು ಕೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ತೆಗೆದದ್ದನ್ನೆಲ್ಲ ಕತ್ತರಿಸಿ ಜೋಡಿಸಲು ಫೋನಿನಲ್ಲಿ ಒಂದು ಆ್ಯಪ್ ಸಿಕ್ಕಿತು. ಹೆಸರು ವಿಡಿಮಿಂಟ್. ಕಾಸಿಲ್ಲ ಕರಿಮಣಿಯಿಲ್ಲ, ಪೂರ್ತಿ ಫ್ರೀ. ಒಂದೇ ಒಂದು ವಿಷಯ: ವಿಡಿಯೋ ಮುಗಿದ ಮೇಲೆ ಒಂದು ಹಸಿರು ಎಲೆ ಗಿರ್ರನೆ ತಿರುಗಿ, ಗಂಟೆ ಬಾರಿಸಿದ ಸದ್ದಾಗಿ, 'ವಿಡಿಮಿಂಟ್' ಎಂಬ ಹೆಸರು ಪರದೆ ತುಂಬ ಬರುತ್ತಿತ್ತು. ಹೇಗಿದೆ ನೋಡಿ ಮೇಡಂ ಎಂದು ಅದನ್ನು ಹಾಗೆಯೇ ಆಶಾರಾಣಿಗೆ ಕಳಿಸಿದ. ಆಮೇಲೆ ಕೂತು ನೋಡುವಾಗ ಎಲೆಯ ಮೂಲೆಯಲ್ಲಿ ಒಂದು ಪುಟ್ಟ ಗುಣಿಸುವ ಚಿಹ್ನೆ ಕಂಡಿತು. ಒತ್ತಿದ. ಎಲೆ ಉದುರಿಹೋಯಿತು. ಖಾಲಿಯಾದ ಜಾಗದಲ್ಲಿ ಅವನು 'ಚಿತ್ರೀಕರಣ ಮತ್ತು ಜೋಡಣೆ: ರಂಗರಾಜು, ಮೇಸ್ತ್ರಿ' ಎಂದು ಬರೆದ. ಬರೆದು ನೋಡಿದ, ಮತ್ತೆ ನೋಡಿದ, ಇದನ್ನೂ ಆಶಾರಾಣಿಗೆ ಕಳಿಸಿದ. ಬಾಯಿಬಿಟ್ಟು ಕೇಳದೆಯೇ ಆಸೆ ತೀರುವ ದಾರಿ ಸಿಕ್ಕಿತಲ್ಲ ಎಂದು ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂದು ಅವನು ಅಕ್ಕಿಯನ್ನೂ ತಂದ, ಜೊತೆಗೆ ಮಲ್ಲಿಗೆ ಹೂವನ್ನೂ ತಂದ.

ಮರುದಿನವೇ ಸಂಘದ ಅಧ್ಯಕ್ಷ ದೇವಣ್ಣ, ಆಶಾರಾಣಿಯ ಫೋನಿನಲ್ಲಿ ಎರಡೂ ವಿಡಿಯೋ ನೋಡಿ, ಅವನನ್ನು ಆಫೀಸಿಗೆ ಕರೆಸಿದರು.

ಆ ಆಫೀಸನ್ನು ಒಮ್ಮೆ ನೋಡಬೇಕು. ಅಲ್ಲಿ ದಾನಿಯ ಹೆಸರಿಲ್ಲದ ಸಾಮಾನೇ ಇಲ್ಲ. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಊರು, ವಂಶ ಎಲ್ಲವನ್ನೂ ಬರೆಸಿ, ಬೆಳಕು ಹೊರಗೆ ಬರಲು ಸಂದಿಯೇ ಇಲ್ಲದಂತಾಗಿದೆ. ಫ್ಯಾನಿನ ರೆಕ್ಕೆ ರೆಕ್ಕೆಗೂ ಕೊಟ್ಟವರ ಹೆಸರು. ತಿರುಗುವಾಗ ಓದಲಾಗುವುದಿಲ್ಲವೆಂದು, ಕೊಟ್ಟವರ ಮನೆಯವರು ಬಂದಾಗ ಎಂಥ ಸೆಕೆಯಿದ್ದರೂ ಫ್ಯಾನು ಆರಿಸುತ್ತಾರೆ.

"ಎಲೆ ಎಲ್ಲೋಯ್ತು ರಂಗ?" ದೇವಣ್ಣ ಕೇಳಿದರು.

"ಅದು ಆ್ಯಪಿನ ಎಸ್ರು ಕಣಣ್ಣ. ಬ್ಯಾಡಾಂದ್ರೆ ತಗ್ದಾಕ್ಬೌದು, ತಗ್ದಾಕ್ದೆ."

"ಆ ಆ್ಯಪ್ಪು ದುಡ್ಡು ಕೊಟ್ಟು ತಂದ್ಯಾ?"

"ಇಲ್ಲಣ್ಣ, ಫ್ರೀ."

ದೇವಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. "ಫ್ರೀಯಾಗಿ ಕೊಟ್ಟೋರ ಎಸ್ರ ಕೆರ್ದಾಕ್ಬುಟ್ಟು ನಿನ್ನೆಸ್ರ ಬರ್ಕಂಡಿದ್ದೀಯಲ್ಲೋ! ನಾಳಿಕೆ ಈ ಫ್ಯಾನಿನ ಮೇಲೂ ನಿನ್ನೆಸ್ರ ಬರ್ಕತೀಯಾ?"

ಪಕ್ಕದಲ್ಲಿದ್ದ ಆಶಾರಾಣಿ ಮೆಲ್ಲಗೆ, "ಅಧ್ಯಕ್ಷರೇ, ಅದು ಸಾಫ್ಟ್‌ವೇರು, ಮನುಷ್ಯರಲ್ಲ," ಎಂದಳು.

"ಅದೇನು ತಾನಾಗೇ ಉಟ್ಬುಡ್ತದಾ? ಮಾಡ್ದೋರು ಅಂತ ಒಬ್ರು ಇರಾಕಿಲ್ವಾ?"

ಆಶಾರಾಣಿ ಮುಂದಿದ್ದ ರಸೀದಿ ಪುಸ್ತಕ ತಿರುವತೊಡಗಿದಳು.

"ಆಗಿದ್ರೆ ಎರಡೂ ಇರ್ಲಿ ಬುಡಿ," ರಂಗರಾಜು ಅಂಗಲಾಚಿದ. "ಅವ್ರದ್ದು ದೊಡ್ಡದಾಗಿ ಆಕ್ತೀನಿ. ಕೆಳಿಕೆ ನಂದು ಸಣ್ಣದಾಗಿ."

"ದಾನಿ ಎಸ್ರಾದ್ ಮ್ಯಾಲೆ ಕೆಲ್ಸಗಾರನ ಎಸ್ರಾ? ಚೆಂದ ಆಯ್ತು! ನಿನ್ನದೊಂದು ಆಕುದ್ರೆ ಮಗ್ಗದೋರೆಲ್ಲ ನಂದೂ ಆಕು ಅಂತ ಕುಂತ್ಕತಾರೆ. ಓಗು, ಮೊದ್ಲು ಆ ಎಲೆ ಆಕು."

ಎಲೆ ತೆಗೆಯುವುದು ಸಲೀಸಾಗಿತ್ತು, ಹಾಕುವುದು ಪೀಕಲಾಟವಾಯಿತು. ಆ ಆ್ಯಪಿನ ಹೊಟ್ಟೆಯೊಳಗೆಲ್ಲ ಬೆರಳಾಡಿಸಿದ ಮೇಲೆ ಎಲೆ ಸಿಕ್ಕಿತು. ಹಾಕಿದರೆ ವಿಡಿಯೋದ ಮೊದಲಿಗೇ ಹೋಗಿ ಕೂತಿತು. ಅಲ್ಲಿಂದ ಎಳೆದರೆ ನಡುವೆ ಬಿತ್ತು: ಯಶೋದಮ್ಮ ಎಳೆ ಹೊಸೆಯುತ್ತಿರುವಾಗ ಅವಳ ಮುಖದ ಜಾಗದಲ್ಲಿ ಎಲೆ ಗಿರ್ರೆಂದಿತು. ಕಡೆಗೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿ ಆ ಜಾಗಕ್ಕೆ ಎಲೆಯನ್ನು ತಂದು ಕೂರಿಸಿದ. 'ರಂ' ಅಳಿಸುವಾಗ ಅವನಿಗೆ ನಿಜಕ್ಕೂ ದುಃಖ ಬಂತು. ಮುಖ ಯಾಕೆ ಹೀಗಾಗಿದೆ ಎಂದು ಮಹದೇವಮ್ಮ ಕೇಳಿದ್ದಕ್ಕೆ, "ಎಲೆ ಅಂಟಿಸ್ತಾ ಇವ್ನಿ, ಸುಮ್ನಿರು," ಎಂದ.

ಇಷ್ಟಕ್ಕೇ ಮುಗಿಯಲಿಲ್ಲ. ದಾನಿ ಎಂದ ಮೇಲೆ ಕರೆಯದಿದ್ದರೆ ಹೇಗೆ? ರಂಗರಾಜುವಿನ ಫೋನಿನಲ್ಲೇ ಆ್ಯಪಿನೊಳಗೆ 'ನಮ್ಮನ್ನು ಸಂಪರ್ಕಿಸಿ' ಎಂಬ ಕಡೆ, ದೇವಣ್ಣನವರು ಹೇಳಿದಂತೆ ಆಶಾರಾಣಿ ಆಮಂತ್ರಣ ಬರೆದು ಕಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ನಿಮ್ಮ ಸಂದೇಶ ತಲುಪಿದೆ, ನಮ್ಮ ತಂಡದ ಒಬ್ಬರು ಶೀಘ್ರದಲ್ಲೇ ನಿಮ್ಮೊಂದಿಗಿರುತ್ತಾರೆ.

"ನೋಡು, ಎಂಥಾ ಜನ!" ದೇವಣ್ಣನವರ ಮುಖ ಅರಳಿತು. "ಒಬ್ರೇ ಬತ್ತಾರಂತೆ. ಒಂದು ಕುರ್ಚಿ ಸಾಕು."

ಅದು ಯಂತ್ರ ಕಳಿಸುವ ಉತ್ತರವೆಂದು ಆಶಾರಾಣಿ ಹೇಳಿ ನೋಡಿದಳು. ಯಂತ್ರಕ್ಕೆ ಇಷ್ಟು ಮರ್ಯಾದೆ ಎಲ್ಲಿಂದ ಬರುತ್ತದೆ ಎಂದು ದೇವಣ್ಣ ಕೇಳಿದರು. ಆಹ್ವಾನ ಪತ್ರಿಕೆಯಲ್ಲಿ 'ವಿಶೇಷ ದಾನಿಗಳು: ವಿಡಿಮಿಂಟ್‌ನವರು' ಎಂದು ಅಚ್ಚಾಯಿತು. ವಂದನಾರ್ಪಣೆ ಯಾರದೆಂದು ಅಚ್ಚು ಹಾಕಿಸಿರಲಿಲ್ಲ. ಅದು ಊರಿಗೆಲ್ಲ ಗೊತ್ತಿರುವ ವಿಷಯ ತಾನೇ.

ಉದ್ಘಾಟನೆಯ ದಿನ ವೇದಿಕೆಯ ಮೇಲೆ, ಮೈಸೂರಿನಿಂದ ಬಂದ ಅಧಿಕಾರಿಯ ಪಕ್ಕದಲ್ಲಿ, ಟವೆಲು ಹೊದಿಸಿದ ಕುರ್ಚಿಯೊಂದು ಖಾಲಿ ಇತ್ತು. ಆ ದಾನಿಯನ್ನು ಕರೆತರಲು ಸಂಘದ ಜವಾನ ಮಾದಣ್ಣನನ್ನು ಬಸ್ ಸ್ಟ್ಯಾಂಡಿಗೆ ಅಟ್ಟಿದ್ದರು. ಅವನು ಬೂಟು ಹಾಕಿದವರನ್ನೆಲ್ಲ ತಡೆದು, "ಸಾ, ನೀವು ವಿಡಿಮಿಂಟ್‌ನೋರಾ?" ಎಂದು ಕೇಳುತ್ತಿದ್ದ. ಔಷಧಿ ಮಾರುವ ಕಂಪನಿಯವನೊಬ್ಬ, ಊಟ ಉಂಟೇ ಎಂದು ವಿಚಾರಿಸಿ, ಸ್ವಲ್ಪ ಹೊತ್ತು ನಿಂತು ಯೋಚಿಸಿ, ಅಲ್ಲ ಎಂದು ಹೇಳಿ ಹೋದನಂತೆ.

ವಿಡಿಯೋ ಚೆನ್ನಾಗಿ ಓಡಿತು. ಮಗ್ಗದವರು ತಮ್ಮ ತಮ್ಮ ಕೈಕಾಲು ಗುರುತಿಸಿಕೊಂಡು ಕೂಗಿದರು. ಕೊನೆಗೆ ಎಲೆ ತಿರುಗಿ ಗಂಟೆ ಬಾರಿಸಿದಾಗ ಬಿದ್ದ ಚಪ್ಪಾಳೆ ಉಳಿದೆಲ್ಲದಕ್ಕಿಂತ ಜೋರಾಗಿತ್ತು. ಬಾಗಿಲ ಬಳಿ ನಿಂತಿದ್ದ ರಂಗರಾಜು ಕೂಡ ತಟ್ಟಿದ. ತಟ್ಟದಿದ್ದರೆ ನೋಡಿದವರು ಏನೆಂದುಕೊಂಡಾರು?

ದಾನಿಗಳ ಸನ್ಮಾನವೆಂದು ಮೈಕಿನಲ್ಲಿ ಕರೆದಾಯಿತು. ದೇವಣ್ಣ ಶಾಲನ್ನು ಕವರಿನಿಂದ ತೆಗೆದು ಬಿಡಿಸಿ ಎರಡು ಕೈಯಲ್ಲಿ ಹಿಡಿದು ನಿಂತರು. ಖಾಲಿ ಕುರ್ಚಿ ಖಾಲಿಯಾಗಿಯೇ ಇತ್ತು. ಬಿಡಿಸಿದ ಶಾಲನ್ನು ಹೊದಿಸದೆ ಮತ್ತೆ ಮಡಚುವುದು ನಮ್ಮ ಕಡೆ ಅಪಶಕುನ. ಬಾರದವರ ಸನ್ಮಾನವನ್ನು ಅವರ ಕಡೆಯವರು ಯಾರಾದರೂ ಸ್ವೀಕರಿಸುವುದು ಪದ್ಧತಿ.

"ಅವ್ರ ಕಡೆಯೋರು ಯಾರಿದ್ದೀರಪ್ಪ?" ದೇವಣ್ಣ ಸಭೆಯನ್ನು ಕೇಳಿದರು.

"ಆ ಆ್ಯಪ್ ಇಟ್ಕೊಂಡಿರೋರು ಇಲ್ಲಿ ರಂಗರಾಜಣ್ಣ ಒಬ್ರೇ," ಎಂದಳು ಆಶಾರಾಣಿ. ಅವಳಿಗೆ ಹೇಗಾದರೂ ಕಾರ್ಯಕ್ರಮ ಮುಂದಕ್ಕೆ ಹೋದರೆ ಸಾಕಾಗಿತ್ತು.

ಹಾಗಾಗಿ ರಂಗರಾಜುವನ್ನು ಎಳೆತಂದು ಆ ಕುರ್ಚಿಯಲ್ಲಿ ಕೂರಿಸಿದರು. ಶಾಲು ಬಿತ್ತು, ಹಾರ ಬಿತ್ತು, ಹಣ್ಣಿನ ತಟ್ಟೆ ತೊಡೆಯ ಮೇಲೆ ಬಂತು. ಕಾಣದ ದಾನಿಯ ತಲೆಯ ಅಳತೆ ಗೊತ್ತಿಲ್ಲದೆ ತಂದಿದ್ದ ಮೈಸೂರು ಪೇಟ ಅವನ ಹುಬ್ಬಿನವರೆಗೆ ಇಳಿಯಿತು. ತಾನು ಮಾಡಿದ ಕೆಲಸಕ್ಕೇ ಸನ್ಮಾನ, ತನ್ನ ಹೆಗಲಿಗೇ ಶಾಲು, ಆದರೆ ಯಾವುದೂ ತನ್ನದಲ್ಲ! ಅವನಿಗೆ ನಗಬೇಕೋ ಎದ್ದು ಓಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಸನ್ಮಾನಿತರು ಎರಡು ಮಾತಾಡಬೇಕೆಂದು ಮೈಕು ಮುಂದೆ ಬಂತು.

ಮೈಕು ಕೈಗೆ ಬಂದ ಮೇಲೆ ರಂಗರಾಜುವಿಗೆ ಧೈರ್ಯ ಬಾರದೆ ಇರುತ್ತದೆಯೇ? ಪೇಟವನ್ನು ಹಿಂದಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡ.

"ಸಭೆಗೆ ನಮಸ್ಕಾರ. ವಿಡಿಮಿಂಟ್‌ನವರು ಕಾರ್ಯಬಾಹುಳ್ಯದಿಂದ ಬರಲಾಗಲಿಲ್ಲ. ಅವರ ಪರವಾಗಿ ಎರಡು ಮಾತು. ಈ ವಿಡಿಯೋದಲ್ಲಿ ನಮ್ಮದು ಅಂತ ಇರುವುದು ಕೊನೆಯಲ್ಲಿ ತಿರುಗಿದ ಆ ಎಲೆ ಮಾತ್ರ. ಮಿಕ್ಕಿದ್ದನ್ನೆಲ್ಲ ಗುಂಡಿಗೆ ಇಳಿದು ತೆಗೆದವರು, ಕತ್ತರಿಸಿದವರು, ಕೂಡಿಸಿದವರು ನಿಮ್ಮ ಸಂಘದ ಮೇಸ್ತ್ರಿಗಳಾದ ಶ್ರೀ ರಂಗರಾಜು ಅವರು. ಅವರಿಗೆ ನಮ್ಮ ಕಂಪನಿಯ ಪರವಾಗಿಯೂ, ವೈಯಕ್ತಿಕವಾಗಿಯೂ ಹೃತ್ಪೂರ್ವಕ ವಂದನೆಗಳು."

ಮೊದಲು ಚಪ್ಪಾಳೆ ತಟ್ಟಿದವರು ದೇವಣ್ಣ.

"ನೋಡ್ರಪ್ಪ, ದೊಡ್ಡೋರು ಅಂದ್ರೆ ಇಂಗಿರ್ಬೇಕು!" ಅವರ ದನಿಯಲ್ಲಿ ಚೂರೂ ಕುಹಕವಿರಲಿಲ್ಲ. "ಬರಾಕಾಗ್ದೆ ಇದ್ರೂವೆ ನಮ್ ಮೇಸ್ತ್ರೀನ ಮರೀನಿಲ್ಲ. ನಮ್ಗೇ ತೋಚ್ನಿಲ್ಲ ಅದು. ಏಳು ರಂಗ, ಅವ್ರಿಗೆ ವಂದನೆ ಏಳು."

ರಂಗರಾಜು ಪೇಟ ತೆಗೆದು ಕುರ್ಚಿಯ ಮೇಲಿಟ್ಟ. ಶಾಲನ್ನು ಅದರ ಪಕ್ಕದಲ್ಲಿ ಇಟ್ಟ. ಬರಿದಲೆಯಲ್ಲಿ ಮತ್ತೆ ಅದೇ ಮೈಕಿನ ಮುಂದೆ ಬಂದು, ಖಾಲಿ ಕುರ್ಚಿಯ ಕಡೆ ತಿರುಗಿ, ತನ್ನನ್ನು ನೆನೆದದ್ದಕ್ಕೆ ವಿಡಿಮಿಂಟ್‌ನವರಿಗೆ ವಂದನೆ ಹೇಳಿದ. ಹೇಳಿ, ಆ ಕುರ್ಚಿಗೆ ಎರಡೂ ಕೈ ಎತ್ತಿ ಮುಗಿದ. ನಾಟಕಕ್ಕಲ್ಲ. ಅಷ್ಟು ವರ್ಷಗಳಲ್ಲಿ ಅವನಿಗೆ ವಂದನೆ ಹೇಳಿದವರು ಅವರೊಬ್ಬರೇ.