ಗಚ್ಚಿನ ಕೆಳಗಿನ ಮಣ್ಣು

ವನದುರ್ಗದ ಕೋಟೆಯ ಹಿಂದಿನ ಗಾಯರಾಣದಲ್ಲಿ, ಅಂದರೆ ಊರ ದನ ಕುರಿ ಮೇಯುವ ಬಯಲಿನಲ್ಲಿ, ನೀವು ಎಲ್ಲಿ ಹಾರೆ ಹಾಕಿದರೂ ಎರಡು ಅಡಿಯವರೆಗೆ ಮಾತ್ರ ಅದು ನಿಮ್ಮ ಮಾತು ಕೇಳುತ್ತದೆ. ಆಮೇಲೆ ಟಣ್ ಎಂದು ಸದ್ದಾಗಿ ಹಾರೆ ಕೈಯಲ್ಲೇ ಪುಟಿಯುತ್ತದೆ, ಪೆಟ್ಟು ಮೊಣಕೈ ದಾಟಿ ಹೆಗಲಿಗೆ ಬರುತ್ತದೆ. ಅಲ್ಲಿ ಬಂಡೆಯೇನೂ ಇಲ್ಲ. ಮಣ್ಣು ಸುಣ್ಣದ ಜೊತೆ ಕಲೆತು ಹಳೆಯ ಗೋಡೆಯ ಗಾರೆಯ ಹಾಗೆ ಬಿಗಿದುಕೊಂಡ ಪದರ ಅದು, ಒಂದು ಗೇಣು ದಪ್ಪ, ಕೆಲವು ಕಡೆ ಒಂದೂವರೆ ಗೇಣು. ಊರವರು ಅದಕ್ಕೆ ಗಚ್ಚು ಎನ್ನುತ್ತಾರೆ. ಅಮರಪ್ಪನ ಬಲ ಹೆಗಲನ್ನು ತಿಂದು ಹಾಕಿದ್ದು ಈ ಗಚ್ಚು.

ಅಮರಪ್ಪ ಊರಿನ ಕೆಳಗಿನ ಓಣಿಯವರಿಗೆ ಕುಣಿ ತೋಡುವವನು. ಅಂದರೆ ಸತ್ತವರನ್ನು ಹೂಳುವ ಗುಂಡಿ. ವಯಸ್ಸು ಅರವತ್ತರ ಆಸುಪಾಸು. ಆಧಾರ್ ಕಾರ್ಡಿನಲ್ಲಿ ಅರವತ್ತೆಂಟು ಎಂದಿದೆ, ಬರೆದವನು ಅವನ ಮುಖ ನೋಡಿ ಬರೆದಿರಬೇಕು. ಮೊದಲು ಓಣಿಯ ಮಸಣ ಹಳ್ಳದ ದಂಡೆಯಲ್ಲಿತ್ತು. ಮೆತ್ತನೆಯ ಮಣ್ಣು, ಇಬ್ಬರು ಹರಟೆ ಹೊಡೆಯುತ್ತ ಅರ್ಧ ದಿನದಲ್ಲಿ ಮುಗಿಸುವ ಕೆಲಸ. ಕಾಲುವೆ ಬಂತು, ಮೇಲಿನ ಗದ್ದೆಗಳ ನೀರು ಬಸಿದು ಆ ದಂಡೆಯೆಲ್ಲ ಜವಳು ಹಿಡಿಯಿತು. ಆಗ ಗಾಯರಾಣದ ಒಂದು ಮೂಲೆಯನ್ನು ಮಸಣಕ್ಕೆ ಬಿಟ್ಟುಕೊಟ್ಟರು. ಕೊಟ್ಟ ಪುಣ್ಯಾತ್ಮರು ಮೇಲಿನ ಹುಲ್ಲು ನೋಡಿದರೇ ಹೊರತು ಕೆಳಗೆ ಏನಿದೆ ಎಂದು ಒಬ್ಬ ಕುರಿ ಕಾಯುವವನನ್ನಾದರೂ ಕೇಳಲಿಲ್ಲ. ಕುರಿಯವರಿಗೆ ಗೊತ್ತಿತ್ತು. ಆ ನೆಲದ ಹುಲ್ಲು ಮಳೆ ನಿಂತ ಹತ್ತೇ ದಿನಕ್ಕೆ ಹಳದಿಯಾಗುತ್ತದೆ. ಬೇವಿನ ಗಿಡ ಆಳೆತ್ತರಕ್ಕೆ ಬಂದು ಅಲ್ಲಿಗೇ ನಿಲ್ಲುತ್ತದೆ, ಕಿತ್ತು ನೋಡಿದರೆ ಬೇರು ಎರಡು ಅಡಿ ಇಳಿದು ಅಡ್ಡಕ್ಕೆ ತಿರುಗಿರುತ್ತದೆ.

ಗಚ್ಚು ಮುಟ್ಟಿದ ಮೇಲೆ ತೋಡುವುದನ್ನು ಬಿಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಮೊದಲ ವರ್ಷ ಹಾಗೇ ಮಾಡಿದರು. ಆ ಸಲ ಮಳೆ ಜೋರಾಯಿತು. ಗಚ್ಚು ನೀರನ್ನು ಕೆಳಗೆ ಬಿಡುವುದಿಲ್ಲ, ನೀರು ಅದರ ಮೇಲೇ ನಿಂತು ಎರಡು ಅಡಿ ಮಣ್ಣೆಲ್ಲ ಅಂಬಲಿಯಾಯಿತು. ಆಗ ಏನು ಮೇಲೆ ಬಂತು, ನಾಯಿಗಳು ಏನು ಮಾಡಿದವು ಎಂಬುದನ್ನು ಓಣಿಯಲ್ಲಿ ಇವತ್ತಿಗೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂದಿನಿಂದ ಇಪ್ಪತ್ತೆರಡು ವರ್ಷ ಅಮರಪ್ಪ ಒಂದು ಕುಣಿಯನ್ನೂ ಗಚ್ಚಿನ ಮೇಲೆ ನಿಲ್ಲಿಸಿಲ್ಲ. ಗಚ್ಚಿನ ಕೆಳಗೆ ಬೇರೆಯೇ ಮಣ್ಣಿದೆ, ತಿಳಿ ಹಳದಿ, ಒಣಗಿದ್ದು, ಕೈಯಿಂದ ಬಾಚಬಹುದಾದಷ್ಟು ಹಗುರ. ಮಳೆಯಿಲ್ಲ, ಬೇರಿಲ್ಲ, ನಾಯಿಯ ಉಗುರಿಲ್ಲ. ಅಷ್ಟು ದೂರ ಮುಟ್ಟಿಸಿದರೆ ತನ್ನ ಕೆಲಸ ಮುಗಿಯಿತು ಎಂಬುದು ಅವನ ಲೆಕ್ಕ.

ಈ ಇಪ್ಪತ್ತೆರಡು ವರ್ಷವೂ ಮಣ್ಣಿನ ಪುಟ್ಟಿ ಹೊತ್ತವಳು ಅವನ ಹೆಂಡತಿ ಮೌನಮ್ಮ. ಹೆಸರಿಗಷ್ಟೇ ಮೌನ, ದಂಡೆಯ ಮೇಲೆ ನಿಂತು ಅವನಿಗೆ ಒಂದೇ ಸಮನೆ ಹುಕುಂ ಕೊಡುವವಳು. ಹೋದ ದೀಪಾವಳಿಯಿಂದ ಅವಳ ಕಾಲು ಬಾತು, ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಶಹಾಪುರದಲ್ಲಿ ತೋರಿಸಿದರು, ಕಲಬುರಗಿಗೂ ಹೋಗಿಬಂದರು. ಬಂದ ಮೇಲೆ ಅವಳು ಗೋಡೆಗೊರಗಿ ಕೂತು ಒಂದು ದಿನ ಹೇಳಿದಳು:

"ಕೇಳ್ರಿ ಇಲ್ಲಿ. ನನ್ನ ಮ್ಯಾಲಿನ ಮಣ್ಣಾಗ ಇಡಬ್ಯಾಡ್ರಿ. ಗಚ್ಚಿನ ಕೆಳಗ ಇಡ್ರಿ."

"ಸುಮ್ಮ ಕುಂದ್ರು. ಏನ್ ಮಾತಾಡ್ತಿ."

"ಮಾತು ಕೊಡ್ರಿ ಮೊದ್ಲ. ಆಮ್ಯಾಲ ಸುಮ್ಮ ಕುಂದ್ರತೀನಿ."

ಅವನು ಮಾತು ಕೊಟ್ಟ. ಅವತ್ತಿನಿಂದ ಅವನ ನಿದ್ದೆ ಹಾರಿತು. ಹೆಗಲು ಹಿಡಿದು ಬಲಗೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ, ಚಹಾದ ಲೋಟ ಎತ್ತುವಾಗಲೂ ಎಡಗೈ ಆಸರೆ ಬೇಕಿತ್ತು. ಅದಕ್ಕಿಂತ ದೊಡ್ಡ ತೊಡಕು ಓಣಿಯ ರಿವಾಜು. ಸತ್ತವರ ಮನೆಯವರು ಕುಣಿಗೆ ಹಾರೆ ಹಾಕಬಾರದು. ಹಾಕಿದರೆ ಕುಣಿ ಅದೇ ಮನೆಯ ಇನ್ನೊಬ್ಬರನ್ನು ಬೇಡುತ್ತದೆ ಎಂಬ ನಂಬಿಕೆ. ಓಣಿಯವರು ಬುದ್ಧನ ಪಟ ಇಟ್ಟುಕೊಂಡು ಮೂವತ್ತು ವರ್ಷವಾದರೂ ಈ ಒಂದು ರಿವಾಜನ್ನು ಬಿಟ್ಟಿಲ್ಲ. ಓಣಿಯ ಎಲ್ಲರಿಗೂ ಗಚ್ಚು ಒಡೆದವನು ತನ್ನ ಹೆಂಡತಿಗೆ ಒಡೆಯುವ ಹಾಗಿಲ್ಲ, ಒಡೆಯಬಲ್ಲ ಇನ್ನೊಬ್ಬ ಊರಲ್ಲಿಲ್ಲ. ಅವನಿಗೆ ಹೊಳೆದದ್ದು ಒಂದೇ ದಾರಿ. ಜೆಸಿಬಿ ತರಿಸಿ ಮಸಣದ ಗಚ್ಚನ್ನೆಲ್ಲ ಒಮ್ಮೆಗೇ ಒಡೆಸಿಬಿಟ್ಟರೆ, ಆಮೇಲೆ ಯಾರು ಬೇಕಾದರೂ ತೋಡಬಹುದು.

ಅದೇ ಹೊತ್ತಿಗೆ ಭೀಮರಾಯನಗುಡಿಯ ಕೃಷಿ ಕಾಲೇಜಿನಿಂದ ಸುನಿತಾ ಎಂಬ ವಿದ್ಯಾರ್ಥಿನಿ ಗಾಯರಾಣದ ಮಣ್ಣು ನೋಡಲು ಬಂದಳು. ಮೈಸೂರು ಕಡೆಯ ಹುಡುಗಿ. ಅವನು ತೋಡಿದ ಒಂದು ಗುಂಡಿಯ ಅಂಚಿನಲ್ಲಿ ಕೂತು ಗಚ್ಚಿನ ಚೂರಿನ ಮೇಲೆ ಸೀಸೆಯಿಂದ ಏನೋ ಹನಿಸಿದಳು. ಅದು ಬುಸಬುಸ ನೊರೆ ಬಿಟ್ಟಿತು.

"ಅಜ್ಜ, ಇದು ಸುಣ್ಣ. ಮಳೆ ನೀರು ಮೇಲಿನ ಮಣ್ಣಿನ ಸುಣ್ಣ ಕರಗಿಸ್ಕೊಂಡು ಕೆಳಗೆ ಇಳಿಯುತ್ತೆ. ಇಲ್ಲಿ ಮಳೆ ಕಡಿಮೆ, ಎರಡಡಿ ಇಳಿಯೋ ಅಷ್ಟರಲ್ಲಿ ಒಣಗಿಬಿಡುತ್ತೆ. ನೀರು ಹೋಗುತ್ತೆ, ಸುಣ್ಣ ಅಲ್ಲೇ ಉಳಿಯುತ್ತೆ. ಸಾವಿರಾರು ವರ್ಷ ಹೀಗೇ ಆಗಿ ಗಟ್ಟಿ ಪದರ ಆಗಿದೆ."

"ಹಂಗಾದ್ರ ಇದನ್ನ ಮಳಿನೇ ಮಾಡ್ಯಾದಂತೀರೇನ್ ಯವ್ವಾ?"

"ಹೌದು. ಸಾಲದೇ ಹೋದ ಮಳೆ."

ಅಮರಪ್ಪನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಊರವರು ಇದಕ್ಕೆ ಗಚ್ಚು ಅನ್ನುತ್ತಾರೆ ಎಂದು ಅವನು ಹೇಳಿದಾಗ ಹುಡುಗಿಗೆ ನಗು ಬಂತು. ಗಚ್ಚು ಅಂದರೆ ಅವಳಿಗೆ ಗೊತ್ತಿದ್ದದ್ದು ಹಳೆಯ ಕಟ್ಟಡದ ಗಾರೆ.

ಓಣಿಯ ಬುದ್ಧಪ್ರಿಯ ಎಂಬವನು ಶಾಲೆಯ ಮಾಸ್ತರ, ಅಕ್ಷರ ಮುತ್ತಿನಂತೆ ಬರೆಯುವವನು. ಅವನೇ ಅರ್ಜಿ ಬರೆದುಕೊಟ್ಟ. ಅಮರಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದ: ವನದುರ್ಗ ಕೋಟೆಯ ಹಿಂದಿನ ಮಸಣದಲ್ಲಿ ಎರಡು ಅಡಿ ಆಳದಲ್ಲಿ ಎಲ್ಲೆಡೆ ಗಚ್ಚು ಇದೆ, ಅದನ್ನು ಯಂತ್ರದಿಂದ ಒಡೆಸಿಕೊಡಬೇಕು. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹಾರುತ್ತ ಯಾವುದೋ ದೂರದ ಕಚೇರಿಗೆ ಹೋಯಿತು. ಅಲ್ಲಿ ಕೂತ ಜಾಣ ಅದನ್ನು ಓದಿದ. ಕೋಟೆಯ ಹಿಂದೆ, ನೆಲದಡಿ, ಎಲ್ಲೆಡೆ ಗಚ್ಚು! ಮೂರು ತಿಂಗಳಿಗೆ ಉತ್ತರ ಬಂತು. ಸದರಿ ಸ್ಥಳದಲ್ಲಿ ಪುರಾತನ ಕಟ್ಟಡದ ಗಚ್ಚಿನ ನೆಲಹಾಸು ಇರುವ ಸಂಭವವಿದ್ದು, ಪರಿಶೀಲನೆ ಮುಗಿಯುವವರೆಗೆ ಯಾವುದೇ ಯಂತ್ರ ಬಳಸಕೂಡದು.

ಬುದ್ಧಪ್ರಿಯ ಕಾಗದ ಓದಿ ತಲೆ ಚಚ್ಚಿಕೊಂಡ. "ನಂದೇ ತಪ್ಪು ಕಾಕಾ. ಸುಣ್ಣದ ಪದರ ಅಂತ ಬರೀಬೇಕಿತ್ತು. ನಮಗ ಗಚ್ಚಂದ್ರ ಗಚ್ಚು, ಅವರಿಗೆ ಹೆಂಗ ತಿಳೀಬೇಕು?"

"ನಿಂದೇನ್ ತಪ್ಪಪ್ಪ. ಇರೋ ಹೆಸರು ಬರ್ದಿ."

ಇನ್ನೊಂದು ಅರ್ಜಿ ಹೋಯಿತು. ಅದರ ಉತ್ತರಕ್ಕೆ ಮೌನಮ್ಮ ಕಾಯಲಿಲ್ಲ. ಜೂನ್ ಕೊನೆಯ ಒಂದು ಮುಂಜಾನೆ, ಚಹಾ ಬೇಕೆಂದು ಕೇಳಿ, ಅದು ಕುದಿಯುವಷ್ಟರಲ್ಲಿ ಹೋದಳು. ಕೆಂಭಾವಿಗೆ ಕೊಟ್ಟ ಮಗಳು ನಂದಿನಿ ಹತ್ತು ಗಂಟೆಗೆ ಬಂದು ತಾಯಿಯ ಕಾಲ ಬಳಿ ಬಿದ್ದು ಅತ್ತಳು. ಅಮರಪ್ಪನಿಗೆ ಅಳು ಬರಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಹಿಂದಿನ ಮೂರು ದಿನ ಬಿದ್ದ ಮಳೆ, ಮತ್ತು ಆ ಮಳೆ ಈಗ ಗಾಯರಾಣದಲ್ಲಿ ಎಲ್ಲಿ ನಿಂತಿದೆ ಎಂಬುದು.

ಓಣಿಯ ಹಿರಿಯ ಅಂಬಣ್ಣ ನಾಲ್ವರು ಗಟ್ಟಿ ಆಳುಗಳನ್ನು ಕರೆದುಕೊಂಡು ಮಸಣಕ್ಕೆ ನಡೆದ. ಅವರೆಲ್ಲರ ಮನೆಯ ಒಬ್ಬರಲ್ಲ ಒಬ್ಬರನ್ನು ಅಮರಪ್ಪ ಗಚ್ಚಿನ ಕೆಳಗೆ ಇಳಿಸಿದ್ದ. ಋಣ ಮರೆತವರಲ್ಲ ಅವರು, ಮೈಮುರಿದು ತೋಡಿದರು. ಮೇಲಿನ ಮಣ್ಣು ಕೆಸರಾಗಿ ಬೇಗ ಬಂತು. ಮಧ್ಯಾಹ್ನದ ಹೊತ್ತಿಗೆ ಟಣ್ ಎಂದಿತು. ಅಲ್ಲಿಂದ ಮುಂದೆ ಎರಡು ತಾಸು ಹೊಡೆದದ್ದೇ ಬಂತು. ಒಂದು ಹಾರೆಯ ಮೊನೆ ಮಡಚಿತು, ಒಬ್ಬನ ಅಂಗೈ ಬಿರಿದು ರಕ್ತ ಬಂತು, ಗಚ್ಚಿನ ಮೇಲೆ ಬಿಳಿ ಗೀಚುಗಳಷ್ಟೇ ಬಿದ್ದವು.

ಅಮರಪ್ಪನನ್ನು ಮನೆಯಲ್ಲಿ ಹಿಡಿದಿಡಲು ಯಾರಿಂದಲೂ ಆಗಲಿಲ್ಲ. ಅವನು ಬಂದು ದಂಡೆಯ ಮೇಲೆ ಕೂತ.

"ಹೊಡೀಬ್ಯಾಡ್ರೋ, ಎಬ್ಬಸ್ರಿ. ಮೊದ್ಲ ಹಾರಿ ಮೆಲ್ಲಕ ಕುಟ್ಟಿ ಕೇಳ್ರಿ. ಟಣ್ ಅಂದ್ರ ಬಿಡ್ರಿ. ಡಬ್ ಅಂದಲ್ಲಿ ಕೆಳಗ ಪೊಳ್ಳದ, ಅಲ್ಲಿ ಚೂಪು ಇಟ್ಟು ಮೀಟ್ರಿ."

ಅವರು ಕುಟ್ಟಿದರು. ಅವರ ಕಿವಿಗೆ ಎಲ್ಲವೂ ಟಣ್ ಎಂದೇ ಕೇಳಿಸಿತು. ಇಪ್ಪತ್ತೆರಡು ವರ್ಷದ ಕಿವಿಯನ್ನು ಒಂದು ಮಧ್ಯಾಹ್ನದಲ್ಲಿ ಕೊಡುವುದು ಹೇಗೆ? ಬದಿಯಿಂದ ಒಸರಿದ ನೀರು ಆಗಲೇ ಗುಂಡಿಯ ತಳದಲ್ಲಿ ಕಣಕಾಲು ಮುಳುಗುವಷ್ಟು ನಿಂತಿತ್ತು.

ಅಂಬಣ್ಣ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅಮರಪ್ಪ, ಹೊತ್ತು ಇಳೀತು. ಹುಡುಗೂರು ಸೋತಾರ. ಇಲ್ಲೇ ಇಟ್ಟು ಮ್ಯಾಲ ಕಲ್ಲು ಹೇರೂನು. ನಾಯಿ ಬರಂಗಿಲ್ಲ."

"ನೀರು ಬರ್ತದಲ್ಲ ಕಾಕಾ."

"ಏನ್ ಮಾಡಾಕ ಬರ್ತದ ಹೇಳು."

ಅಮರಪ್ಪ ಎದ್ದು ನಿಂತ. ಅಂಗಿ ಬಿಚ್ಚಿ ದಂಡೆಯ ಮೇಲಿಟ್ಟ. ಅವನೇನು ಮಾಡಹೊರಟಿದ್ದಾನೆ ಎಂದು ಅಂಬಣ್ಣನಿಗೆ ತಿಳಿಯುವಷ್ಟರಲ್ಲಿ ಅವನ ಕಾಲು ಗುಂಡಿಯ ನೀರಿನಲ್ಲಿತ್ತು.

"ಏ ಅಮರಪ್ಪ! ಮನಿಯವರು ಹಾರಿ ಹಿಡೀಬಾರ್ದು. ಕುಣಿ ಇನ್ನೊಬ್ಬರನ್ನ ಬೇಡ್ತದ, ಗೊತ್ತಿಲ್ಲೇನು?"

ಅವನು ಹಾರೆಯನ್ನು ಎಡಗೈಯಲ್ಲಿ ಹಿಡಿದು ಗಚ್ಚಿನ ಮೇಲೆ ಕುಟ್ಟುತ್ತ ತಲೆಯ ಕಡೆಯಿಂದ ಕಾಲಿನ ಕಡೆಗೆ ಬಂದ. ಒಂದು ಮೂಲೆಯಲ್ಲಿ ಜಾಲಿಯ ಒಂದು ಬೇರು ಕೂದಲೆಳೆಯಷ್ಟು ಸಂದಿ ಹುಡುಕಿಕೊಂಡು ಇಳಿದಿತ್ತು. ಅಲ್ಲಿ ಮೊನೆ ನಿಲ್ಲಿಸಿದ. ಹೆಗಲು ಏಳದಿದ್ದರಿಂದ ಹಾರೆಯ ತಲೆಗೆ ಎದೆ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಮೀಟಿದ. ಮೂರು ಸಲ ಏನೂ ಆಗಲಿಲ್ಲ. ನಾಲ್ಕನೆಯ ಸಲ ತಟ್ಟೆಯಗಲದ ಒಂದು ತುಂಡು ಎದ್ದಿತು, ನಿಂತ ನೀರು ಗಟಗಟ ಸದ್ದು ಮಾಡುತ್ತ ಅದರ ಕೆಳಗೆ ಇಳಿದುಹೋಯಿತು. ಒಂದು ತುಂಡು ಎದ್ದ ಮೇಲೆ ಪಕ್ಕದ್ದನ್ನು ಎಬ್ಬಿಸುವುದು ಆಳುಗಳಿಗೂ ಸಾಧ್ಯವಾಯಿತು. ಒದ್ದೆಯಾದಷ್ಟು ಮಣ್ಣನ್ನು ಬಾಚಿ ಹಾಕಿದರು. ಕೆಳಗೆ ಒಣ ಹಳದಿ ಮಣ್ಣು ಸಿಕ್ಕಿತು.

ಹೊತ್ತು ಮುಳುಗುವ ಮುಂಚೆ ಮೌನಮ್ಮನನ್ನು ಅಲ್ಲಿ ಮಲಗಿಸಿದರು. ಬುದ್ಧಪ್ರಿಯ ಬುದ್ಧ ವಂದನೆ ಹೇಳಿದ, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಆಗ ಅಮರಪ್ಪ ಅತ್ತ. ಬಾಯಿಬಿಟ್ಟು, ಮೂಗು ಒರೆಸಿಕೊಳ್ಳದೆ, ಎಲ್ಲರ ಮುಂದೆ ಅತ್ತ. ಮಾತು ಉಳಿಯಿತಲ್ಲ ಎಂಬುದೊಂದೇ ಅವನಿಗೆ ಸಮಾಧಾನವಾಗಿತ್ತು.

ಮಣ್ಣು ಮುಚ್ಚಿ, ಕಲ್ಲು ಹೇರಿ, ಜನ ಕೈಕಾಲು ತೊಳೆಯಲು ತೊಟ್ಟಿಯ ಕಡೆ ಹೊರಟರು. ಹಿಂದಿನಿಂದ ಹಾರೆಯ ಸದ್ದು ಕೇಳಿ ಅಂಬಣ್ಣ ತಿರುಗಿ ನೋಡಿದ. ಹೆಂಡತಿಯ ಕುಣಿಯ ಎಡಗಡೆ ಒಂದು ಮೊಳ ಬಿಟ್ಟು ಅಮರಪ್ಪ ಹೊಸದಾಗಿ ನೆಲಕ್ಕೆ ಗೆರೆ ಹಾಕಿ ತೋಡುತ್ತಿದ್ದ. ಆರು ಅಡಿ ಉದ್ದ, ಎರಡೂವರೆ ಅಗಲ. ನಂದಿನಿ ಓಡಿಬಂದು ಅಪ್ಪನ ಕೈ ಹಿಡಿದಳು, ಅವನು ಮೆಲ್ಲಗೆ ಬಿಡಿಸಿಕೊಂಡ.

ಅಂಬಣ್ಣ ಹತ್ತಿರ ಬಂದ. "ಇದು ಯಾರಿಗೋ ಅಮರಪ್ಪ?"

"ಕುಣಿ ಬೇಡ್ತದಂದ್ಯಲ್ಲ ಕಾಕಾ. ಬೇಡ್ಲಿ. ಬೇಡಿದಾಗ ಇದನ್ನ ಒಡಿಯೋರು ಯಾರದಾರ ಹೇಳು?" ಅವನು ಹಾರೆಗೆ ಎದೆಯೊರಗಿಸಿ ಉಸಿರು ತೆಗೆದುಕೊಂಡ. "ಇವತ್ತು ಇಷ್ಟು, ನಾಳಿ ಇಷ್ಟು. ಒಡದು ಮಣ್ಣು ಮುಚ್ಚಿ ಇಡ್ತೀನಿ. ಮಣ್ಣು ತಗಿಯೋದು ನಿಮಗ ಬರ್ತದ, ಗಚ್ಚು ಬರಂಗಿಲ್ಲ."

ಅಂಬಣ್ಣ ಒಂದು ಪುಟ್ಟಿ ಎತ್ತಿಕೊಂಡು ಬಂದು ಮಣ್ಣು ಹೊರಲು ನಿಂತ.