ಬೆಣ್ಣೆ ಹಚ್ಚಿದ ಕೈ

ಮೊನ್ನೆ ಬಾಗೂರಿಗೆ ಹೋಗಿದ್ದಾಗ ಒಂದು ಮನೆಯ ಹಿತ್ತಲಿಂದ ರೇಷ್ಮೆಗೂಡು ಬೇಯುವ ವಾಸನೆ ಬಂತು. ಜೊತೆಗಿದ್ದ ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಬೆಂದ ಹುಳುವಿನ ಆ ನಾತವೇ ಒಂದು ಕಾಲಕ್ಕೆ ನನಗೆ ಅನ್ನ ಕೊಟ್ಟಿತ್ತು. ಅದರ ಹಿಂದೆಯೇ ಅಕ್ಕ ನೆನಪಾದಳು...

ಸ್ವಂತ ಅಕ್ಕನಲ್ಲ. ಚನ್ನರಾಯಪಟ್ಟಣದ ಹೊರಗಿದ್ದ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಕುದಿಯುವ ತೊಟ್ಟಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕುವವಳು ಅವಳು; ಎದುರಿಗೆ ನಿಂತು ರಾಟೆ ತಿರುಗಿಸುವವನು ನಾನು. ಅವಳ ಗಂಡ ತೀರಿಹೋಗಿದ್ದ, ಇಬ್ಬರು ಹೆಣ್ಣುಮಕ್ಕಳಿದ್ದರು. ನನಗಾಗ ಮೀಸೆ ತಿರುವುವ ವಯಸ್ಸು. ಕೇಳದವರಿಗೂ ಸಲಹೆ ಕೊಡುವ ಚಟ ಆಗಲೇ ಅಂಟಿತ್ತು.

ಹೊರದೇಶದ ರೇಷ್ಮೆ ಬಂತು. ನಮ್ಮದಕ್ಕಿಂತ ಅಗ್ಗ, ನಮ್ಮದಕ್ಕಿಂತ ನಯ. ನೇಯುವವರನ್ನು ಬೈಯಲಾರೆ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೊಳ್ಳುತ್ತಿದ್ದೆ. ಒಂದು ಸೋಮವಾರ ಹೋಗಿ ನೋಡಿದರೆ ಕಾರ್ಖಾನೆಗೆ ಬೀಗ. ಮಾಲೀಕರು ಹಾಜರಿ ಪುಸ್ತಕದ ಸಮೇತ ಊರು ಬಿಟ್ಟಿದ್ದರು. ಅಕ್ಕ ಅವರಿವರ ಮನೆಯಲ್ಲಿ ಕೆಟ್ಟ ಗೂಡು ಬೇಯಿಸಿ, ಒರಟು ನೂಲು ತೆಗೆದು ದಿನ ದೂಡಿದಳು.

ಕೆಲವು ತಿಂಗಳ ಮೇಲೆ ಸರ್ಕಾರದ ಸುದ್ದಿ ಬಂತು. ಹೀಗೆ ಕೆಲಸ ಹೋದವರಿಗೆ ಹಾಸನದಲ್ಲಿ ಹೊಲಿಗೆ ಕಲಿಸುತ್ತಾರಂತೆ, ಕಲಿಯುವಷ್ಟು ದಿನ ಭತ್ಯೆಯಂತೆ, ಕೊನೆಗೊಂದು ಹೊಲಿಗೆ ಯಂತ್ರವಂತೆ. ಅದು ಸಿಕ್ಕರೆ ಅಕ್ಕನ ಮಕ್ಕಳು ಶಾಲೆಯಲ್ಲಿ ಉಳಿಯುತ್ತವೆ. ಇಲ್ಲದಿದ್ದರೆ ಅವೂ ಕೂಲಿಗೆ.

ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಬಿಸಿನೀರಲ್ಲಿ ಬೆಂದೂ ಬೆಂದೂ ಅಕ್ಕನ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಒತ್ತಿದರೆ ಬರೀ ಮಸಿ ಮುದ್ದೆ. ನಾನು ಸುಮ್ಮನಿರುತ್ತೇನೆಯೇ?

"ಹತ್ತು ದಿವ್ಸ ಬಿಸಿನೀರು ಮುಟ್ಬ್ಯಾಡ ಕಣಕ್ಕ. ದಿನಾ ಬೆಣ್ಣೆ ಹಚ್ಚು. ಗೆರೆ ಎದ್ದು ಬತ್ತವೆ."

ಅಕ್ಕ ನಂಬಿದಳು. ಕೂಲಿ ಬಿಟ್ಟಳು, ಬೆಣ್ಣೆ ಹಚ್ಚಿದಳು. ಗೆರೆಗಳೇನೋ ಎದ್ದು ಬಂದವು.

ಹಾಸನದಿಂದ ಬಂದ ಅಧಿಕಾರಿ ತಾಲ್ಲೂಕು ಕಚೇರಿಯಲ್ಲಿ ಕುಳಿತಿದ್ದರು. ಕಾರ್ಖಾನೆಯ ಬಾಗಿಲನ್ನೇ ನೋಡದ ಎಷ್ಟೋ ಜನ ಹೆಸರು ಬರೆಸಿದ್ದರು. ಹಾಜರಿ ಪುಸ್ತಕವಿಲ್ಲ. ಆ ಮನುಷ್ಯ ಒಬ್ಬೊಬ್ಬರ ಕೈ ನೋಡತೊಡಗಿದರು. ರಾಟೆಯ ಹಿಡಿ ಹಿಡಿದು ಜಡ್ಡುಗಟ್ಟಿದ ನನ್ನ ಅಂಗೈ ನೋಡಿ ಹೆಸರು ಬರೆದುಕೊಂಡರು. ಅಕ್ಕನ ಕೈ ನೋಡಿ ನಕ್ಕರು.

"ಇದು ಬಿಸಿನೀರಲ್ಲಿ ಬೆಂದ ಕೈಯೇನಮ್ಮಾ? ಮುಂದೆ ಹೋಗು."

ಅಕ್ಕ ಅವರ ಮೇಲೆ ಸಿಟ್ಟಾಗಲಿಲ್ಲ. ತಿರುಗಿ ನನ್ನನ್ನು ನೋಡಿದಳು... ಆ ನೋಟ ಈಗಲೂ ಚುಚ್ಚುತ್ತದೆ.

ಜೀವನದಲ್ಲಿ ಎಷ್ಟೋ ಚೌಕಾಸಿ ಮಾಡಿದ್ದೇನೆ. ಅಷ್ಟು ಅಂಗಲಾಚಿ ಮಾಡಿದ್ದು ಅದೊಂದೇ. "ಸಾ, ಬೆಣ್ಣೆ ಹಚ್ಚು ಅಂದೋನು ನಾನು. ಕೈ ನೋಡ್ಬ್ಯಾಡಿ ಸಾ, ಕೆಲ್ಸ ನೋಡಿ" ಅಂದೆ. ಹಿಂದಿನ ಬೀದಿಯಲ್ಲಿ ಹುಳು ಸಾಕುವವರ ಮನೆಗೆ ಓಡಿ ಒಂದು ಹಿಡಿ ಗೂಡು ಬೇಡಿ ತಂದೆ. ಜವಾನ ಕಾಫಿಗೆಂದು ಇಟ್ಟಿದ್ದ ನೀರು ಕುದಿಯುತ್ತಿತ್ತು. ಗೂಡುಗಳನ್ನು ಅದರಲ್ಲೇ ಹಾಕಿದೆವು.

ಅಕ್ಕ ಕುಕ್ಕರಗಾಲಲ್ಲಿ ಕುಳಿತು ಬೆರಳು ಇಳಿಬಿಟ್ಟಳು. ಮೊದಲಿನ ಸುಟ್ಟ ಚರ್ಮವಲ್ಲ ಅದು, ಹತ್ತು ದಿನದ ಎಳೆ ಚರ್ಮ. ಅವಳ ಕಣ್ಣಲ್ಲಿ ನೀರು ಬಂತು. ಕೈ ಮಾತ್ರ ಮೇಲೆ ಬರಲಿಲ್ಲ. ಐದಾರು ಗೂಡಿನ ಎಳೆ ಒಟ್ಟು ಮಾಡಿ ತುದಿಯನ್ನು ನನ್ನ ಕೈಗಿತ್ತಳು. ನಾನು ಹಿಂದೆ ಹಿಂದೆ ನಡೆದೆ. ಬಾಗಿಲು ದಾಟಿದೆ, ಜಗಲಿ ಇಳಿದೆ, ಬೇವಿನ ಮರ ಮುಟ್ಟಿದೆ. ನೂಲು ಬಿಸಿಲಲ್ಲಿ ಮಿಂಚುತ್ತಿತ್ತು, ತುಂಡಾಗಲಿಲ್ಲ.

ಅಧಿಕಾರಿ ಎದ್ದು ಬಂದರು. "ಸಾಕು ತಾಯಿ, ಕೈ ತೆಗಿ" ಅಂದು ತಾವೇ ಹೆಸರು ಬರೆದರು. ಆಮೇಲೆ ಜವಾನನಿಗೆ, "ಇನ್ನೊಂದು ಪಾತ್ರೆ ನೀರಿಡು" ಅಂದರು. ಅಷ್ಟು ಕೇಳಿದ್ದೇ ತಡ, ಸಾಲು ಅರ್ಧಕ್ಕರ್ಧ ಕರಗಿತು.

ಮರದ ಕೆಳಗೆ ತಣ್ಣೀರಲ್ಲಿ ಕೈ ಅದ್ದಿಕೊಂಡು ಅಕ್ಕ ನಗತೊಡಗಿದಳು. "ನಿನ್ ಮಾತು ಕೇಳಿ ಬೆಣ್ಣೆನೂ ಓಯ್ತು, ಚರ್ಮಾನೂ ಓಯ್ತು ಕಣ್ಲಾ!" ನಾನೂ ನಕ್ಕೆ. ತಿಂಗಳುಗಳ ಮೇಲೆ ಆ ದಿನ ಎದೆ ತುಂಬ ಉಸಿರಾಡಿದ ನೆನಪು.

ನಾನು ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಬಟ್ಟೆ ವ್ಯಾಪಾರಕ್ಕಿಳಿದೆ. ಅಕ್ಕ ಪೂರ್ತಿ ಕಲಿತಳು. ಆ ಯಂತ್ರದಲ್ಲೇ ಮಕ್ಕಳನ್ನು ಓದಿಸಿದಳು, ದೊಡ್ಡವಳನ್ನು ಮೇಷ್ಟ್ರ ಕೆಲಸಕ್ಕೆ ಮುಟ್ಟಿಸಿದಳು. ಅವಳು ಹೊಲಿದ ಮೊದಲ ಅಂಗಿ ನನ್ನದು. ಕೇಳದಿದ್ದರೂ ಒಳಜೇಬು ಇಟ್ಟಿದ್ದಳು.

"ಇದ್ಯಾಕಕ್ಕ?"

"ನಿನ್ ಬುದ್ಧಿವಾದ ಇಟ್ಕಳಕ್ಕೆ. ಕೇಳ್ದೋರ್ಗೆ ಮಾತ್ರ ತಗ್ದು ಕೊಡು."

ಅಕ್ಕ ಹೋಗಿ ಬಹಳ ವರ್ಷವಾಯಿತು. ಆಮೇಲೆ ಅಂಗಿಗಳನ್ನು ಯಾರ್ಯಾರೋ ಹೊಲಿದರು. ಒಳಜೇಬು ಮಾತ್ರ ಹೇಳಿ ಇಡಿಸುತ್ತೇನೆ. ಬಾಗೂರಿನ ಆ ಹಿತ್ತಲಲ್ಲಿ ಒಲೆಯ ಮುಂದೆ ಕುಳಿತಿದ್ದ ಹೆಂಗಸಿನ ಬೆರಳುಗಳು ಬಿಳುಚಿ ಸುಕ್ಕುಗಟ್ಟಿದ್ದವು. ಏನೋ ಹೇಳಲು ಬಾಯಿ ತೆರೆದೆ. ಕೈ ತಾನಾಗಿ ಎದೆಯ ಒಳಜೇಬಿನ ಹತ್ತಿರ ಹೋಯಿತು... ಸುಮ್ಮನೆ ನಡೆದು ಬಂದೆ.